ಕೊಳವೆಯೊಳಗಿನ ಭಾವ

ಮನೆಯಲ್ಲಿ ಅವಳನ್ನು ಪುಟ್ಟಿ ಎನ್ನುತ್ತಿದ್ದರು. ನಲವತ್ತರ ಹತ್ತಿರ ಬಂದು ಕಿವಿಯ ಪಕ್ಕದ ಕೂದಲು ಬೆಳ್ಳಗಾದ ಮೇಲೂ ಪುಟ್ಟಿಯೇ. ಪ್ರಯೋಗಾಲಯದಲ್ಲಿ ಮಾತ್ರ ಮೇಡಂ. ಅವಳ ಕೆಲಸ ತಲೆಗಳನ್ನು ಮಾಡುವುದು. ಬಾಂಬು ಸಿಡಿದಾಗ ಗಾಳಿಯಲ್ಲಿ ಎದ್ದು ಬರುವ ಒತ್ತಡದ ಅಲೆ ಮನುಷ್ಯನ ತಲೆಯೊಳಗೆ ಏನು ಮಾಡುತ್ತದೆ ಎಂದು ತಿಳಿಯಬೇಕು, ಆದರೆ ಅದಕ್ಕಾಗಿ ಮನುಷ್ಯನನ್ನೇ ತಂದು ನಿಲ್ಲಿಸಲಾಗದು. ಆದ್ದರಿಂದ ಪ್ಲಾಸ್ಟಿಕ್ಕಿನ ಬುರುಡೆ, ಬುರುಡೆಯೊಳಗೆ ಮಿದುಳಿನಷ್ಟೇ ಮೆತ್ತಗಿನ ಜೆಲ್, ಜೆಲ್ಲಿನ ಒಳಗೆ ಅಕ್ಕಿಕಾಳಿಗಿಂತ ಸಣ್ಣ ಸೆನ್ಸರುಗಳು. ಹೀಗೆ ತಯಾರಾದ ತಲೆಯನ್ನು ಉದ್ದನೆಯ ಉಕ್ಕಿನ ಕೊಳವೆಯ ಬಾಯಲ್ಲಿ ಕೂರಿಸುತ್ತಿದ್ದರು. ಕೊಳವೆಯ ಆ ತುದಿಯಲ್ಲಿ ಗಾಳಿಯನ್ನು ಒತ್ತಿ ಒತ್ತಿ ತುಂಬಿ, ಅಡ್ಡಲಾಗಿ ಬಿಗಿದ ತೆಳುಹಾಳೆ ಪಟ್ಟನೆ ಹರಿಯುವಂತೆ ಮಾಡಿದರೆ ಆಯಿತು, ಮದ್ದಿಲ್ಲದೆಯೇ ಬಾಂಬಿನ ಅಲೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ತಲೆಯನ್ನು ದಾಟಿ ಹೋಗಿರುತ್ತಿತ್ತು.

ಆ ತಲೆಗೊಂದು ಹೆಸರಿತ್ತು. ಇಟ್ಟವಳು ಪುಟ್ಟಿಯೇ.

ಅವಳು ಅಲ್ಲಿಗೆ ಸೇರಿದ ಹೊಸತು. ಚಹಾದ ಹೊತ್ತಿನಲ್ಲಿ ಮೇಜಿನ ಸುತ್ತ ಕೂತವರೆಲ್ಲ ಗಂಡಸರು, ಎಲ್ಲರೂ ಒಬ್ಬರಿಗೊಬ್ಬರು ಹಳಬರು. ಅವಳು ಬಾಯಿ ತೆರೆದರೆ ಅವರು ತಮ್ಮ ಮಾತು ನಿಲ್ಲಿಸಿ ಮರ್ಯಾದೆಯಿಂದ ಕೇಳುತ್ತಿದ್ದರು, ಅದೇ ಅವಳಿಗೆ ಕಷ್ಟವಾಗುತ್ತಿತ್ತು. ಒಂದು ದಿನ ಯಾರೋ ತಲೆಯ ಕಡೆ ಕೈ ತೋರಿಸಿ, ಎಷ್ಟು ಏಟು ತಿಂದರೂ ಇವನ ಮುಖ ಬದಲಾಗುವುದೇ ಇಲ್ಲವಲ್ಲ ಎಂದರು. ಅಚ್ಚು ಮಾಡಿದವನು ಅದಕ್ಕೆ ಅರ್ಧ ಮುಚ್ಚಿದ ಕಣ್ಣು, ಸಡಿಲ ತುಟಿ ಕೊಟ್ಟಿದ್ದ. ಪುಟ್ಟಿ ಹಿಂದಿನ ದಿನವಷ್ಟೇ ಅಕ್ಕನ ಮನೆಯಲ್ಲಿ ಊಟ ಮಾಡಿ ಬಂದಿದ್ದಳು.

"ನಮ್ಮ ಭಾವನ ಹಾಗೇ ಇದಾನೆ," ಎಂದಳು. "ಏನು ಹೇಳಿದ್ರೂ ಮುಖದಲ್ಲಿ ಒಂದೇ ಭಾವ. ಅದೂ ಒಂದು ನಿಮಿಷ ಲೇಟಾಗಿ."

ಮೇಜು ನಡುಗುವಂತೆ ನಕ್ಕರು. ಅಂದಿನಿಂದ ಅವಳಿಗೆ ಆ ಮೇಜಿನಲ್ಲಿ ಜಾಗ ಸಿಕ್ಕಿತು, ತಲೆಗೆ ಹೆಸರು ಸಿಕ್ಕಿತು. ಭಾವನನ್ನು ತಂದು ಕೂರಿಸಿ, ಭಾವನ ಕಿವಿಯ ಸೆನ್ಸರು ಸತ್ತಿದೆ, ಭಾವನಿಗೆ ಇವತ್ತು ರಜೆ. ತಲೆ ಹಳತಾಗಿ ಹೊಸದು ಬಂದರೆ ಅದು ಕಿರಿಯ ಭಾವ. ಯಾರೋ ಮಾರ್ಕರ್ ಪೆನ್ನಿನಲ್ಲಿ ಅದರ ಕತ್ತಿನ ಹಿಂದೆ ಹೆಸರನ್ನು ಬರೆದೂ ಬಿಟ್ಟರು.

ನಿಜವಾದ ಭಾವ, ಅಂದರೆ ಅಕ್ಕನ ಗಂಡ, ಸೇನೆಯಲ್ಲಿದ್ದವರು. ಯುದ್ಧ ಮಾಡಿದವರಲ್ಲ, ಕಲಿಸುತ್ತಿದ್ದವರು. ಮುಚ್ಚಿದ ಬಾಗಿಲನ್ನು ಸಣ್ಣ ಸ್ಫೋಟದಿಂದ ಒಡೆದು ಒಳಗೆ ನುಗ್ಗುವುದು ಹೇಗೆ ಎಂದು ಹೊಸ ಹುಡುಗರಿಗೆ ತೋರಿಸುವುದು ಅವರ ಕೆಲಸ. ಬಾಗಿಲಿಗೆ ಮದ್ದು ಅಂಟಿಸಬೇಕು, ಕೆಲವೇ ಮಾರು ಹಿಂದೆ ಗುರಾಣಿಯ ಮರೆಯಲ್ಲಿ ಒತ್ತೊತ್ತಾಗಿ ನಿಲ್ಲಬೇಕು, ಸಿಡಿದ ತಕ್ಷಣ ಓಡಬೇಕು. ಹುಡುಗರ ತಂಡ ಕಲಿತು ಹೋಗುತ್ತಿತ್ತು, ಇನ್ನೊಂದು ಬರುತ್ತಿತ್ತು. ಭಾವ ಮಾತ್ರ ಅಲ್ಲೇ ನಿಂತಿರುತ್ತಿದ್ದರು, ವರ್ಷಗಟ್ಟಲೆ. ಮೈಮೇಲೆ ಒಂದು ಗೀರಿಲ್ಲದೆ ನಿವೃತ್ತರಾಗಿ ಮನೆಗೆ ಬಂದಾಗ ಅಕ್ಕ ನೆಮ್ಮದಿಯ ಉಸಿರು ಬಿಟ್ಟಳು.

ಆಮೇಲೆ ಒಂದೊಂದಾಗಿ ಶುರುವಾಯಿತು. ಹೇಳಿದ್ದು ಮರೆಯುವುದು, ಮಾತಿನ ನಡುವೆ ಪದ ಕೈಕೊಡುವುದು, ಹಗಲಲ್ಲೇ ಕಿಟಕಿ ಮುಚ್ಚಿಕೊಂಡು ತಲೆ ಹಿಡಿದು ಕೂರುವುದು. ಗೋದಾಮೊಂದರಲ್ಲಿ ಸಿಕ್ಕಿದ್ದ ಕಾವಲು ಕೆಲಸ ಗೇಟು ಹಾಕಲು ಮರೆತದ್ದಕ್ಕೆ ಹೋಯಿತು. ಬಂಧುಗಳು ಬೆನ್ನ ಹಿಂದೆ ಟ್ಯೂಬ್‌ಲೈಟ್ ಎಂದರು. ಪಿಂಚಣಿ ತಿಂದು ಸೋಮಾರಿಯಾದ ಎಂದರು. ಅಕ್ಕ ಒಮ್ಮೆ ಫೋನು ಮಾಡಿ, ನೀನು ತಲೆಯ ವಿಷಯವನ್ನೇ ಓದಿದವಳಲ್ಲವೇ, ಇವರಿಗೆ ಏನಾಗಿದೆ ಒಂಚೂರು ನೋಡು ಎಂದು ಕೇಳಿದಳು. ನಮ್ಮದು ದೊಡ್ಡ ಸ್ಫೋಟಗಳ ವಿಷಯ, ಭಾವನಿಗೆ ಎಂದೂ ಪೆಟ್ಟೇ ಆಗಿಲ್ಲ, ಸಕ್ಕರೆ ಕಾಯಿಲೆ ಇದೆಯೇ ಪರೀಕ್ಷೆ ಮಾಡಿಸು ಎಂದು ಪುಟ್ಟಿ ಫೋನಿಟ್ಟಳು.

ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಸಣ್ಣ ಅಲೆಗಳು ಮತ್ತೆ ಮತ್ತೆ ಬಡಿದರೆ ಏನಾಗುತ್ತದೆ ಎಂಬ ಪ್ರಶ್ನೆ ಅವರ ಸಭೆಗಳಲ್ಲಿ ಬಂದಿತ್ತು. ಆಗ ಒಂದು ಕ್ಷಣ ಅವಳಿಗೆ ಭಾವನ ಮುಖ ನೆನಪಾಗಿತ್ತು ಕೂಡ. ಆದರೆ ಆ ಯೋಚನೆಯನ್ನು ಮುಂದುವರಿಸಿದ್ದರೆ ಕೊಳವೆಯ ತಲೆಯನ್ನು ಮತ್ತೆ ಭಾವ ಎಂದು ಕರೆಯಲು ಬಾಯಿ ಬರುತ್ತಿರಲಿಲ್ಲ. ಅವಳು ಮುಂದುವರಿಸಲಿಲ್ಲ.

ಪ್ರಯೋಗಾಲಯವನ್ನು ವರ್ಷಕ್ಕೊಮ್ಮೆ ಜನರಿಗೆ ತೆರೆದಿಡುತ್ತಿದ್ದರು. ಪುಟ್ಟಿ ಅಕ್ಕನಿಗೆ ಅದನ್ನು ಎಂದೂ ಹೇಳಿರಲಿಲ್ಲ. ಆ ವರ್ಷ ಅಕ್ಕ ಬಸ್ ನಿಲ್ದಾಣದಲ್ಲಿ ಅಂಟಿಸಿದ್ದ ಕಾಗದ ನೋಡಿ, ಯಾರನ್ನೂ ಕೇಳದೆ, ಗಂಡನನ್ನು ಕರೆದುಕೊಂಡು ಬಂದೇಬಿಟ್ಟಳು.

ಪುಟ್ಟಿ ಬಾಗಿಲ ಬಳಿ ಬಂದವರಿಗೆಲ್ಲ ಕಿವಿ ಮುಚ್ಚಿಕೊಳ್ಳುವ ಮಫ್‌ಗಳನ್ನು ಹಂಚುತ್ತಿದ್ದಳು. ಕೈ ಚಾಚಿದ ಮುಂದಿನವರು ಭಾವ. ಗರಿಗರಿ ಇಸ್ತ್ರಿಯ ಅಂಗಿ, ಮುಖ ಕಾಣುವಂತೆ ಉಜ್ಜಿದ ಬೂಟು. ಅವರ ಹಿಂದೆಯೇ ಅಕ್ಕ. ಭಾವನ ಮುಖ ನಿಧಾನವಾಗಿ ಅರಳಿತು, ಅವಳ ಭುಜ ತಟ್ಟಲು ಕೈ ಮೇಲೆದ್ದಿತು.

ಅದೇ ಹೊತ್ತಿಗೆ ಕೊಳವೆಯ ಆಪರೇಟರ್ ಅಲ್ಲಿಗೆ ಬಂದ. ದುಂಡು ಮೈ, ಹಾಲ್‌ ತುಂಬುವ ಗಂಟಲು; ಎಲ್ಲರೂ ಅವನನ್ನು ಮೈಕ್ ಎನ್ನುತ್ತಿದ್ದರು. ಅವನು ಬೂಟಿನಿಂದ ತಲೆಯವರೆಗೆ ಭಾವನನ್ನು ನೋಡಿ, ನಗುನಗುತ್ತ, "ಮೇಡಂ, ನಿಮ್ಮ ಕಡೆಯವರಾ?" ಎಂದು ಕೇಳಿದ.

ಭಾವ ಎಂದಿದ್ದರೆ ಮುಗಿದೇ ಹೋಗುತ್ತಿತ್ತು. ಮೈಕ್ ಕೂಗಿ ಹಾಲ್‌ನಲ್ಲಿದ್ದ ಎಲ್ಲರನ್ನೂ ಕರೆಯುತ್ತಿದ್ದ.

"ಪಕ್ಕದ ಮನೆಯವರು," ಎಂದಳು ಪುಟ್ಟಿ.

ಭಾವನ ಕೈ ಅರ್ಧದಲ್ಲಿ ನಿಂತು, ಅಂಗಿಯ ಗುಂಡಿಯನ್ನು ಮುಟ್ಟಿ ನೋಡಿಕೊಂಡು ಕೆಳಗಿಳಿಯಿತು. ಅವರು ಮೈಕ್‌ಗೆ ನಮಸ್ಕಾರ ಮಾಡಿದರು. ಅವಳ ಕೈಯಿಂದ ಮಫ್ ತೆಗೆದುಕೊಂಡು, "ಥ್ಯಾಂಕ್ಸ್ ಮೇಡಂ," ಎಂದರು. ಅಕ್ಕ ಅವಳ ಕಡೆ ನೋಡದೆ ಒಳಗೆ ನಡೆದಳು.

ಪುಟ್ಟಿಗೆ ಕಿವಿಯವರೆಗೂ ಬಿಸಿಯೇರಿತು. ಭಾವ ತನ್ನ ಮಾನ ಉಳಿಸಲು ಹಾಗೆ ಅಂದರೋ, ನಿಜಕ್ಕೂ ಗುರುತು ತಪ್ಪಿತೋ ತಿಳಿಯಲಿಲ್ಲ. ಗುರುತು ತಪ್ಪಿರಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ಬೇಡಿಕೊಂಡದ್ದು ತನಗೇ ಗೊತ್ತಾದಾಗ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಜನರನ್ನೆಲ್ಲ ದಪ್ಪ ಗಾಜಿನ ಹಿಂದೆ ನಿಲ್ಲಿಸಿದರು. ಮೈಕ್‌ಗೆ ಅದು ವರ್ಷದ ಹಬ್ಬ. ಕೊಳವೆಯನ್ನು ತೋರಿಸಿದ, ಹಾಳೆಯನ್ನು ತೋರಿಸಿದ, ತಲೆಯನ್ನು ಮದುವೆಯ ಗಂಡಿನಂತೆ ಎರಡೂ ಕೈಯಲ್ಲಿ ಎತ್ತಿ ತಂದು ಕೂರಿಸಿದ. ಪುಟ್ಟಿ ಅವನ ಕಣ್ಣಿಗೆ ಬೀಳಲು ನೋಡಿದಳು, ಕೈಸನ್ನೆ ಮಾಡಿದಳು. ಅವನು ಅದನ್ನು ಬೇಗ ಮುಗಿಸು ಎಂದುಕೊಂಡನೋ ಏನೋ, ದನಿ ಇನ್ನಷ್ಟು ಏರಿಸಿದ.

"ಇವನ ಹೆಸರು ಭಾವ. ನಮ್ಮ ಮೇಡಂ ಇಟ್ಟಿದ್ದು. ಅವರ ಅಕ್ಕನ ಯಜಮಾನರು ಥೇಟ್ ಹೀಗೇ ಅಂತೆ. ಏನು ಹೇಳಿದ್ರೂ ಒಂದೇ ಮುಖ, ಅರ್ಥ ಆಗೋದು ಮಾರನೇ ದಿನ."

ಗಾಜಿನ ಹಿಂದಿದ್ದವರೆಲ್ಲ ನಕ್ಕರು. ಮಕ್ಕಳು ಭಾವ ಭಾವ ಎಂದು ಕೂಗಿದರು. ಅಕ್ಕನ ಪಕ್ಕದಲ್ಲಿ ನಿಂತಿದ್ದ ಭಾವ ಸುತ್ತಲಿನವರ ಮುಖ ನೋಡಿದರು. ಆಮೇಲೆ, ಎಲ್ಲರ ನಗು ಮುಗಿದ ಮೇಲೆ, ಅವರೂ ನಕ್ಕರು. ಒಬ್ಬರೇ.

ಹಾಳೆ ಹರಿಯಿತು. ಗಾಜು ಅದುರಿತು. ಒಂದು ಮಗು ಅತ್ತಿತು. ಅಷ್ಟೇ, ತಲೆ ಇದ್ದಲ್ಲೇ ಇತ್ತು. ನಂತರ ಬುರುಡೆಯ ಬದಿಯ ಪಾರದರ್ಶಕ ಕಿಂಡಿಯ ಮೂಲಕ ಕ್ಯಾಮೆರಾದಲ್ಲಿ ಸೆರೆಯಾದದ್ದನ್ನು ಪರದೆಯ ಮೇಲೆ ನಿಧಾನಗೊಳಿಸಿ ತೋರಿಸಿದರು. ಬುರುಡೆ ಕದಲುವ ಮೊದಲೇ ಒಳಗಿನ ಜೆಲ್ ನಡುಗತೊಡಗಿತ್ತು. ಒಂದು ಬದಿಗೆ ಒತ್ತಿಕೊಂಡು, ಹಿಂದಕ್ಕೆ ಎಳೆದುಕೊಂಡು, ಕುಲುಕಿದ ಪಾತ್ರೆಯ ನೀರಿನಂತೆ ಎಷ್ಟೋ ಹೊತ್ತು ನಿಲ್ಲದೆ ತುಯ್ಯುತ್ತಿತ್ತು.

ಭಾವ ಪರದೆಯ ಹತ್ತಿರ ಹೋಗಿ ನಿಂತರು. ಇದು ಒಂದು ಸಲಕ್ಕೆ ಒಡೆದು ಹೋಗುತ್ತದೆಯೇ ಎಂದು ಮೈಕ್‌ನನ್ನು ಕೇಳಿದರು. ಇಲ್ಲ ಸಾರ್, ಸಣ್ಣ ಏಟಾದರೆ ಎಷ್ಟು ಸಲ ಬೇಕಾದರೂ ತಡೆಯುತ್ತೆ, ಹೊರಗಡೆ ಒಂದು ಗೀರೂ ಇರಲ್ಲ, ಕೊನೆಗೊಂದು ದಿನ ಬಿಚ್ಚಿ ನೋಡಿದರೆ ಒಳಗೆಲ್ಲ ಬಿರುಕು ಬಿಟ್ಟಿರುತ್ತೆ ಎಂದು ಮೈಕ್ ವಿವರಿಸಿದ. ಅಕ್ಕ ಆಗ ತಿರುಗಿ, ಮೊದಲ ಸಲ, ಪುಟ್ಟಿಯನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟೂ ಇರಲಿಲ್ಲ. ಕೇಳಬೇಕಾದ್ದನ್ನು ಬಹಳ ಹಿಂದೆಯೇ ಕೇಳಿ ಆಗಿದೆ ಎನ್ನುವಂತಿತ್ತು.

ಹೋಗುವಾಗ ಭಾವ ಮಫ್ ವಾಪಸ್ ಕೊಟ್ಟು, ಚೆನ್ನಾಗಿತ್ತು ಮೇಡಂ, ಬರುತ್ತೇವೆ ಎಂದರು.

ಮರುದಿನ ಪುಟ್ಟಿ ಮೈಕ್‌ನನ್ನು ಪಕ್ಕಕ್ಕೆ ಕರೆದು, ನಿನ್ನೆ ಬಂದಿದ್ದವರು ಯಾರೆಂದು ಹೇಳಿದಳು. ಅವನು ಕೈಯಲ್ಲಿದ್ದ ಸ್ಪಾನರನ್ನು ಕೆಳಗಿಡಲೂ ತೋಚದೆ ನಿಂತ. ನೀವು ಒಂದು ಮಾತು ಹೇಳಿದ್ದರೆ ನಾನು ಬಾಯಿ ಬಿಡುತ್ತಿದ್ದೆನೇ ಮೇಡಂ ಎಂದು ಗೊಣಗಿದ. ತಪ್ಪು ಅವನದಲ್ಲ, ಹೆಸರಿಟ್ಟವಳು ತಾನು, ಗುರುತು ಮುಚ್ಚಿಟ್ಟವಳೂ ತಾನೇ ಎಂದಳು. ತಲೆಯ ಕತ್ತಿನ ಹಿಂದಿನ ಅಕ್ಷರಗಳನ್ನು ಸ್ಪಿರಿಟ್ಟಿನಿಂದ ಉಜ್ಜಿ ತೆಗೆದಳು. ಸಂಜೆಯೊಳಗೆ ಮೈಕ್ ಮರೆತು, ಭಾವನ ಕೇಬಲ್ ಕೊಡಿ ಎಂದ. ಅಂದವನೇ ನಾಲಗೆ ಕಚ್ಚಿಕೊಂಡ. ಬಾಯಿಗೆ ರೂಢಿಯಾದದ್ದನ್ನು ಉಜ್ಜಲು ಸ್ಪಿರಿಟ್ ಇರಲಿಲ್ಲ.

ವಾರವೆಲ್ಲ ಅವಳು ಫೋನು ಕೈಗೆತ್ತಿಕೊಂಡು ಕೆಳಗಿಟ್ಟಳು. ಭಾನುವಾರ ಬೆಳಿಗ್ಗೆ ಅಕ್ಕನ ಮನೆಗೆ ಹೋದಳು. ಬಾಗಿಲು ತೆರೆದ ಅಕ್ಕ ಹೊಸ್ತಿಲಲ್ಲೇ ಅಡ್ಡ ನಿಂತು, ದನಿ ತಗ್ಗಿಸಿ ಮಾತಾಡಿದಳು.

"ಅವರಿಗೆ ಗೊತ್ತಿತ್ತು, ತಿಳ್ಕೋ. ಬಸ್ಸಲ್ಲಿ ಕೂತ್ಕೊಂಡು ಏನಂದ್ರು ಗೊತ್ತಾ? ನಮ್ಮಿಂದ ಪುಟ್ಟಿಗೆ ತೊಂದರೆ ಆಯ್ತೇನೋ, ಹೇಳದೆ ಹೋಗಬಾರದಿತ್ತು ಅಂದ್ರು." ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. "ಒಳಗೆ ಬಾ. ಆದರೆ ಅವರ ಮುಂದೆ ಅಳಬೇಡ. ನೀನು ಅತ್ರೆ ನಿನ್ನ ಸಮಾಧಾನ ಮಾಡೋ ಕೆಲಸವೂ ಅವರಿಗೇ ಬರುತ್ತೆ."

ಭಾವ ಹಿತ್ತಲ ಕಟ್ಟೆಯ ಮೇಲೆ ಕೂತು ಸ್ಟೂಲಿನ ಮುರಿದ ಕಾಲಿಗೆ ಮೊಳೆ ಹೊಡೆಯುತ್ತಿದ್ದರು. ಪ್ರತಿ ಏಟಿಗೂ ಹುಬ್ಬು ಗಂಟಾಗುತ್ತಿತ್ತು. ಅವಳನ್ನು ಕಂಡು, ಬಾಮ್ಮ ಪುಟ್ಟಿ, ಕೂತ್ಕೋ ಎಂದರು, ಏನೂ ಆಗದವರಂತೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನೆಲ್ಲ ಪುಟ್ಟಿ ಬದಿಗಿಟ್ಟಳು. ಆ ಹೆಸರಿಟ್ಟಿದ್ದು ನಾನು ಭಾವ, ನಿಮ್ಮನ್ನು ಪಕ್ಕದ ಮನೆಯವರು ಅಂದದ್ದೂ ನಾನು, ನನ್ನಿಂದ ತಪ್ಪಾಯಿತು ಎಂದಷ್ಟೇ ಹೇಳಿದಳು.

ಅವರು ಸುತ್ತಿಗೆ ಕೆಳಗಿಟ್ಟರು. ಅದಿರಲಿ ಎಂದರು. ಅದು ಕ್ಷಮೆಯೂ ಆಗಿರಲಿಲ್ಲ, ಸಿಟ್ಟೂ ಆಗಿರಲಿಲ್ಲ. ಅವರ ಮನಸ್ಸು ಬೇರೆಲ್ಲೋ ಇತ್ತು.

"ಆ ಜೆಲ್ಲು ಅಲ್ಲಾಡಿದ್ದು ನೋಡಿದಾಗಿಂದ ಒಬ್ಬ ಹುಡುಗ ನನ್ನ ತಲೆಯಿಂದ ಹೋಗ್ತಾ ಇಲ್ಲ, ಪುಟ್ಟಿ. ನನ್ನ ಕೈಕೆಳಗೆ ಕಲೀತಿದ್ದವನು. ದಿನದ ಕೊನೆಗೆ ತಲೆನೋವು, ಹಿಂದೆ ನಿಂತ್ಕೋತೀನಿ ಮೇಷ್ಟ್ರೇ ಅಂದ. ನಾನು ಎಲ್ಲರ ಮುಂದೆ ಅವನಿಗೆ ಮದುಮಗಳು ಅಂತ ಹೆಸರಿಟ್ಟೆ. ಎಲ್ಲರೂ ನಕ್ಕರು. ಅವನು ಆಮೇಲೆ ಒಂದು ದಿನವೂ ತಲೆನೋವು ಅನ್ನಲಿಲ್ಲ, ಎಲ್ಲರಿಗಿಂತ ಮುಂದೆ ಬಂದು ನಿಲ್ಲೋನು. ನಾನು ಅವನನ್ನ..." ಅವರು ಪದಕ್ಕಾಗಿ ತಡಕಾಡಿದರು. "ಗಂಡಸು ಮಾಡಿದೆ ಅಂದ್ಕೊಂಡೆ."

ತನ್ನ ತಪ್ಪನ್ನು ಹೇಳಿ ಹಗುರಾಗಲು ಬಂದ ಪುಟ್ಟಿಗೆ ಅಲ್ಲಿ ಹಗುರಾಗಲು ಜಾಗವೇ ಇರಲಿಲ್ಲ. ತಾನು ಮಾಡಿದ್ದನ್ನೇ ಇನ್ನೊಬ್ಬರ ಬಾಯಲ್ಲಿ ಕೇಳುತ್ತ ಕೂರಬೇಕಾಯಿತು. ಬೆನ್ನ ಹಿಂದೆ ಬಾಗಿಲಲ್ಲಿ ಅಕ್ಕ ನಿಂತಿದ್ದು ಅವಳಿಗೆ ನೋಡದೆಯೇ ಗೊತ್ತಾಗುತ್ತಿತ್ತು.

ಆ ಹುಡುಗನ ಫೋನ್ ನಂಬರನ್ನು ಭಾವ ಹಳೆಯ ಗೆಳೆಯರಿಂದ ಪಡೆದಿಟ್ಟುಕೊಂಡಿದ್ದರು. ಮಾಡಲು ಧೈರ್ಯ ಬಂದಿರಲಿಲ್ಲ. ಫೋನಿನ ಬೆಳಕು ಕಣ್ಣಿಗೆ ಚುಚ್ಚುತ್ತದೆ, ನೀನು ಒತ್ತಿಕೊಡು ಎಂದರು. ಪುಟ್ಟಿ ಒತ್ತಿದಳು. ಅವರಿಗೆ ಕಿವಿ ಮಂದವಾದ್ದರಿಂದ ಸ್ಪೀಕರ್ ಹಾಕಿ, ಕಟ್ಟೆಯ ಮೇಲೆ ಮೊಳೆಗಳ ಡಬ್ಬಿಯ ಪಕ್ಕ ಇಟ್ಟಳು.

ಆ ಕಡೆ ಎತ್ತಿದ್ದು ಹುಡುಗನಲ್ಲ, ನಡುವಯಸ್ಸಿನ ಗಂಡಸಿನ ದನಿ. ಬಣ್ಣದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೇನೆ ಎಂದ. ಯಾರೆಂದು ತಿಳಿದ ಕೂಡಲೇ ದನಿ ಎದ್ದು ನಿಂತಂತೆ ನೇರವಾಯಿತು. ಭಾವ ಅವನ ಮನೆ ಮಕ್ಕಳನ್ನೆಲ್ಲ ವಿಚಾರಿಸಿದರು. ಬಳಿಕ ಹೇಳಬೇಕಾದ್ದನ್ನು ಶುರುಮಾಡಿ, ಅರ್ಧಕ್ಕೆ ಬಂದಾಗ ಮಾತು ಕಳೆದುಕೊಂಡರು. ಆ ಹೆಸರು, ಆ ಹೆಸರು ಎನ್ನುತ್ತ ನಿಂತುಬಿಟ್ಟರು. ಪುಟ್ಟಿ ಪದ ಕೊಡಲು ಬಾಯಿ ತೆರೆದಳು. ಅಕ್ಕ ಹಿಂದಿನಿಂದ ಅವಳ ಭುಜ ಅದುಮಿ ತಡೆದಳು. ಮೂವರೂ ಕಾದರು, ಫೋನಿನಲ್ಲಿದ್ದವನೂ ಕಾದ.

"ಮದುಮಗಳು ಅಂತ ಕರೆದೆನಲ್ಲ," ಎಂದರು ಭಾವ ಕೊನೆಗೆ. "ತಪ್ಪಾಯ್ತಪ್ಪ."

"ಪರವಾಗಿಲ್ಲ ಅನ್ನಲ್ಲ ಮೇಷ್ಟ್ರೇ," ಎಂದಿತು ಆ ದನಿ. "ನನ್ನ ಮದುವೇಲೂ ಗೆಳೆಯರು ಹಾಗೇ ಕರೆದ್ರು. ನನ್ನ ಹೆಂಡ್ತಿ ಮುಂದೆ." ಅಂಗಡಿಯಲ್ಲಿ ಯಾರೋ ಡಬ್ಬ ಎಳೆಯುವ ಸದ್ದು. "ಒಂದು ಕೇಳ್ಲಾ? ನಿಮಗೂ ಆಗುತ್ತಾ? ತಲೆ ಒಳಗೆ?"

ಭಾವ ಅಕ್ಕನ ಕಡೆ ನೋಡಿದರು. ಇಷ್ಟು ವರ್ಷ ಯಾರು ಕೇಳಿದರೂ, ಡಾಕ್ಟರು ಕೇಳಿದರೂ, ನನಗೇನೂ ಇಲ್ಲ ಎಂದೇ ಹೇಳಿಕೊಂಡು ಬಂದವರು.

"ಹೂಂ," ಎಂದರು. "ನನಗೂ ಆಗುತ್ತೆ."

ಅಕ್ಕ ಅಲ್ಲೇ ಬಾಗಿಲ ಚೌಕಟ್ಟಿಗೆ ಒರಗಿ ಕೂತಳು. ಫೋನಿನಲ್ಲಿ ಅವರಿಬ್ಬರೂ ಮಾತಾಡುತ್ತಲೇ ಇದ್ದರು: ಯಾವ ಹೊತ್ತಿಗೆ ಜಾಸ್ತಿ, ಬಿಸಿಲಿಗೆ ಹೇಗೆ, ಮಕ್ಕಳು ಗಲಾಟೆ ಮಾಡಿದರೆ ಎಷ್ಟು ಸಿಟ್ಟು ಬರುತ್ತದೆ, ಆಮೇಲೆ ಎಷ್ಟು ನಾಚಿಕೆಯಾಗುತ್ತದೆ. ಇಬ್ಬರು ಹೆಂಗಸರು ಸಂತೆಯಲ್ಲಿ ತರಕಾರಿಯ ಬೆಲೆ ವಿಚಾರಿಸಿಕೊಂಡಷ್ಟು ಸಹಜವಾಗಿ. ಪುಟ್ಟಿ ಎದ್ದು ಒಳಗೆ ಹೋದಳು. ಅಡುಗೆಮನೆಯ ಮೂಲೆಯಲ್ಲಿ ನಿಂತು, ಯಾರಿಗೂ ಕಾಣದಂತೆ, ನಲ್ಲಿ ಬಿಟ್ಟುಕೊಂಡು ಅತ್ತಳು.

ಆ ತಿಂಗಳೇ ಅವಳು ಭಾವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಮೊದಲ ಸಲ ಕೇಳಿದ ಹಾಗೆ ಎಲ್ಲ ಕೇಳಿದರು, ಭಾವ ಮೊದಲ ಸಲ ಎಲ್ಲ ಹೇಳಿದರು. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಆ ಸ್ಫೋಟಗಳಿಂದಲೇ ಆಯಿತು ಎಂದು ಒಬ್ಬ ಮನುಷ್ಯನ ಬಗ್ಗೆ ಬರೆದುಕೊಡಲಾಗದು ಎಂದು ಡಾಕ್ಟರು ಹೇಳಿದರು. ಅಲ್ಲ ಎಂದೂ ಬರೆಯಲಾರೆ ಎಂದರು. ಕಿವಿಗೆ ಯಂತ್ರ ಕೊಟ್ಟರು, ನಿದ್ದೆಗೆ, ತಲೆನೋವಿಗೆ ಔಷಧಿ ಕೊಟ್ಟರು. ನಿದ್ದೆ ಸ್ವಲ್ಪ ಸುಧಾರಿಸಿತು. ಮರೆವು ಹಾಗೆಯೇ ಉಳಿಯಿತು.

ಪ್ರಯೋಗಾಲಯದಲ್ಲಿ ಪುಟ್ಟಿ ಎಲ್ಲರೂ ಕೂತ ಸಭೆಯಲ್ಲಿ ಎದ್ದು ನಿಂತು, ಸಣ್ಣ ಅಲೆಗಳನ್ನು ಮತ್ತೆ ಮತ್ತೆ ಬಿಟ್ಟು ನೋಡುವ ಕೆಲಸವನ್ನು ತನಗೆ ಕೊಡಿ ಎಂದು ಕೇಳಿದಳು. ಈಗೇಕೆ ಇದ್ದಕ್ಕಿದ್ದಂತೆ ಎಂದು ಮುಖ್ಯಸ್ಥರು ಕೇಳಿದಾಗ ವಿಜ್ಞಾನದ ಕಾರಣಗಳು ಬೇಕಾದಷ್ಟಿದ್ದವು. ಅವಳು ಅವನ್ನು ಹೇಳಲಿಲ್ಲ. ತಲೆಗೆ ಹೆಸರು ಎಲ್ಲಿಂದ ಬಂತು, ಜನರಿಗೆ ತೆರೆದಿಟ್ಟ ದಿನ ಯಾರು ಬಂದಿದ್ದರು, ತಾನು ಅವರನ್ನು ಏನೆಂದು ಪರಿಚಯಿಸಿದೆ ಎಂದು ಹೇಳಿದಳು. ಅಂದು ಚಹಾದ ಹೊತ್ತಿನಲ್ಲಿ ಅವಳ ಮಾತಿಗೆ ನಕ್ಕಿದ್ದವರೆಲ್ಲ ಮೇಜಿನ ಮೇಲಿನ ಲೋಟ ನೋಡುತ್ತ ಕೂತರು. ಮುಖ್ಯಸ್ಥರು ವಾರಕ್ಕೆ ಒಂದು ದಿನ ಕೊಳವೆಯನ್ನು ಅವಳಿಗೆ ಬಿಟ್ಟುಕೊಟ್ಟರು, ಅದಕ್ಕಿಂತ ಹೆಚ್ಚಿಗೆ ಅವರ ಕೈಯಲ್ಲೂ ಇರಲಿಲ್ಲ.

ಭಾನುವಾರಗಳಲ್ಲಿ ಅವಳು ಅಕ್ಕನ ಮನೆಗೆ ಹೋಗುವುದನ್ನು ರೂಢಿ ಮಾಡಿಕೊಂಡಳು. ಭಾವನ ಔಷಧಿ ತರುವುದು, ಕಿವಿಯ ಯಂತ್ರಕ್ಕೆ ಬ್ಯಾಟರಿ ಹಾಕುವುದು, ಅವರ ಜೊತೆ ಮಾರುಕಟ್ಟೆಗೆ ಹೋಗಿ ಬರುವುದು. ಭಾವ ಅವಳೊಂದಿಗೆ ಮೊದಲಿನಂತೆಯೇ ಇದ್ದರು. ಅಕ್ಕ ಮಾತ್ರ ಬೇಕಾದಷ್ಟೇ ಮಾತಾಡುತ್ತಿದ್ದಳು: ಊಟ ಹಾಕುತ್ತಿದ್ದಳು, ಉಪ್ಪು ಸಾಕಾ ಎನ್ನುತ್ತಿದ್ದಳು, ಅಲ್ಲಿಗೆ ಮುಗಿಯಿತು. ಅಕ್ಕನ ಎದುರು ಕೂತಾಗ ಪುಟ್ಟಿಗೆ ಕೈ ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ.

ಒಂದು ಭಾನುವಾರ ಇಬ್ಬರೂ ಈರುಳ್ಳಿ ಹೆಚ್ಚುತ್ತ ಕೂತಿದ್ದರು. ಇನ್ನೂ ನನ್ನ ಮೇಲೆ ಸಿಟ್ಟಿದೆಯಾ ಎಂದು ಪುಟ್ಟಿ ಕೇಳಿದಳು. ಅಕ್ಕ ತಲೆ ಎತ್ತಲಿಲ್ಲ.

"ಇದೆ," ಎಂದಳು. "ಸಿಟ್ಟು ಹೋದಾಗ ಹೇಳ್ತೀನಿ. ಅಲ್ಲಿವರೆಗೂ ಬರ್ತಾ ಇರು. ಅದನ್ನ ಇನ್ನೊಂಚೂರು ಸಣ್ಣಗೆ ಹೆಚ್ಚು."

ಪುಟ್ಟಿ ಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡು ಸಣ್ಣಗೆ ಹೆಚ್ಚತೊಡಗಿದಳು.